ಬುಡ್ಡಿ ಖಾಲಿ ಮಾಡಿದವರು ಯಾರು?

ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

ಸುಮ್ಮನೆ ಮಲಗಿರಲಿಲ್ಲ. ಹೊಟ್ಟೆ ಬಿರಿಯೆ ಉಂಡು ಕಾಲು ಚಾಚಿದ ನೆಂಟನ ಹಾಗೆ, ಇನ್ನು ಯಾರು ಎಬ್ಬಿಸಿದರೂ ಏಳುವುದಿಲ್ಲ ಎಂದು ತೀರ್ಮಾನಿಸಿ ಮಲಗಿತ್ತು. ಇಂಜಿನ್ ಮಾವ ಒತ್ತಡ ಅಳೆಯುವ ಆ ಗಾಜನ್ನು ಉಗುರಿನಿಂದ ತಟ್ಟಿದ. ಗೆಣ್ಣಿನಿಂದ ಕುಟ್ಟಿದ. ಕೊನೆಗೆ ಹಣೆಯನ್ನೇ ಒಮ್ಮೆ ಬಡಿದುಕೊಂಡ. ಹಣೆ ಕೆಂಪಾಯಿತೇ ಹೊರತು ಮುಳ್ಳು ಮಿಸುಕಲಿಲ್ಲ.

"ಅಯ್ಯೋ ನನ್ನ ಬುಡ್ಡಿ!"

ಆ ಕೂಗಿಗೆ ಮಂಜುಗಡ್ಡೆ ಕಾರ್ಖಾನೆಯ ತಗಡಿನ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಅವುಗಳಲ್ಲಿ ಎರಡು ಇವತ್ತಿನವರೆಗೂ ವಾಪಸು ಬಂದಿಲ್ಲ. ಬೇಕಾದರೆ ಎಣಿಸಿ ನೋಡಬಹುದು.

ಬುಡ್ಡಿ ಎಂದರೆ ದೀಪದ ಬುಡ್ಡಿಯೆಂದುಕೊಳ್ಳಬೇಡಿ. ಆಳೆತ್ತರದ ಉಕ್ಕಿನ ಬುಡ್ಡಿ, ಅದರ ತುಂಬ ಹಿಂಡಿ ಹಿಂಡಿ ತುರುಕಿದ ಗಾಳಿ. ಪಕ್ಕದಲ್ಲಿದ್ದ, ಮಂಜುಗಡ್ಡೆ ಯಂತ್ರವನ್ನು ಓಡಿಸುವ ಇಂಜಿನ್ನಿನ ಮುಂದೆ ಆನೆ ಬಂದು ನಿಂತರೆ ಆನೆಗೇ ನಾಚಿಕೆಯಾಗಬೇಕು, ಅಂಥ ಗಾತ್ರ ಅದರದು. ಈಗಿನ ಇಂಜಿನ್ನುಗಳಲ್ಲಿ ಒಂದು ಪುಟ್ಟ ಪಂಪು ಎಣ್ಣೆಯನ್ನು ಸೂಜಿಮದ್ದಿನ ಹಾಗೆ ಒಳಗೆ ಚುಚ್ಚಿಬಿಡುತ್ತದೆ. ಇದು ಆ ಪಂಪು ಹುಟ್ಟುವ ಮುಂಚಿನದು. ಇದರ ಹೊಟ್ಟೆಯೊಳಗೆ ಗಾಳಿ ಎಷ್ಟು ಬಿಗಿಯಾಗಿ ಕೂತಿರುತ್ತದೆಂದರೆ, ಎಣ್ಣೆ ಹೊಸ್ತಿಲಲ್ಲೇ ನಿಂತು "ನಾನು ಒಳಗೆ ಬರಲಾರೆ" ಎನ್ನುತ್ತದೆ. ಆಗ ಬುಡ್ಡಿಯಿಂದ ಅದಕ್ಕಿಂತ ಬಿಗಿಯಾದ ಗಾಳಿ ಬಂದು, ಎಣ್ಣೆಯ ಬೆನ್ನಿಗೊಂದು ಗುದ್ದು ಕೊಟ್ಟು, ಹೊಗೆಯಷ್ಟು ಸಣ್ಣಗೆ ಪುಡಿಮಾಡಿ ಒಳಗೆ ಊದಬೇಕು. ಆಮೇಲೇ ಢಂ! ಬೆಳಿಗ್ಗೆ ಇಂಜಿನ್ನಿನ ಗಾಲಿಯನ್ನು ಮೊದಲ ಸುತ್ತು ತಿರುಗಿಸುವುದೂ ಅದೇ ಬುಡ್ಡಿಯ ಗಾಳಿ.

ಸರಿ, ಬುಡ್ಡಿಗೆ ಗಾಳಿ ತುಂಬುವವರು ಯಾರು? ಅದೇ ಇಂಜಿನ್ನು. ಓಡುವಾಗ ಪಕ್ಕದ ಗಾಳಿಯಂತ್ರವನ್ನು ಓಡಿಸಿ ನಾಳೆಗಾಗುವ ಗಾಳಿಯನ್ನು ತಾನೇ ತುಂಬಿಟ್ಟುಕೊಳ್ಳುತ್ತದೆ. ಹಾಗಾಗಿ ಸಂಜೆ ನಿಲ್ಲಿಸುವ ಮುಂಚೆ ಬುಡ್ಡಿಯನ್ನು ಕಂಠಮಟ್ಟ ತುಂಬಿ ಅದರ ತಿರುಪನ್ನು ಬಿಗಿಯುವುದು ಇಂಜಿನ್ ಮಾವನ ಜೀವಮಾನದ ವ್ರತ. ಮದುವೆಯ ದಿನ ಕೂಡ ಹೆಂಡತಿಯನ್ನು ಬಾಗಿಲಲ್ಲಿ ನಿಲ್ಲಿಸಿ, ಬಂದು ತಿರುಪು ಬಿಗಿದು ಹೋಗಿದ್ದ ಎಂದು ಅವನ ಅತ್ತೆ, ಹೆಂಡತಿಯ ತಾಯಿ, ಈಗಲೂ ಹೇಳುತ್ತಾರೆ. ಬುಡ್ಡಿ ಖಾಲಿಯಾದರೆ ಇಂಜಿನ್ನಿಲ್ಲ. ಇಂಜಿನ್ನಿಲ್ಲದೆ ಬುಡ್ಡಿ ತುಂಬುವುದಿಲ್ಲ. ಇದು ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿಕೊಂಡ ಹಾಗೆ.

ಅದೂ ಇವತ್ತೇ ಆಗಬೇಕೆ! ನಿನ್ನೆ ಸಂಜೆ ಕಾರ್ಖಾನೆಯ ಯಜಮಾನರು ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿ ಹೇಳಿದ್ದರು: "ನಾಳೆ ಮಧ್ಯಾಹ್ನ ಒಬ್ಬರು ಇಂಜಿನ್ ನೋಡೋಕೆ ಬರ್ತಾರೆ. ಅವರ ಕಣ್ಮುಂದೆ ಶುರುವಾದ್ರೆ ಅದಕ್ಕೊಂದು ದಾರಿ, ಆಗದಿದ್ರೆ ಇನ್ನೊಂದು ದಾರಿ."

ಇನ್ನೊಂದು ದಾರಿ ಗುಜರಿಯ ದಾರಿಯೇ ಎಂದು ಇಂಜಿನ್ ಮಾವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೋದ ವರ್ಷ ಗುಜರಿಯವನು ಬಂದು ಸುತ್ತಲೂ ನಡೆದು, "ಇದನ್ನ ಕತ್ತರಿಸೋ ಖರ್ಚಲ್ಲಿ ನಾನು ಇನ್ನೊಂದು ಮದುವೆ ಆಗಬಹುದು" ಎಂದು ಬೆವರೊರೆಸಿಕೊಂಡು ಹೋಗಿದ್ದ ನಿಜ. ಆದರೆ ಗುಜರಿಯವರ ಮನಸ್ಸು ಯಾವಾಗ ಬದಲಾಗುತ್ತದೋ ಯಾರು ಕಂಡವರು? ಇಂಜಿನ್ನು ಹೋದರೆ ಅವನ ಕೆಲಸ ಹೋಯಿತು. ಕೆಲಸದ ಜೊತೆ ಇಂಜಿನ್ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ನಿಂತ ಅವನ ಎರಡು ಕೋಣೆಯ ಮನೆಯೂ ಹೋಯಿತು.

"ಶುರು ಮಾಡ್ತೀನಿ! ಅವರಪ್ಪ ಬಂದರೂ ಶುರು ಮಾಡಿ ತೋರಿಸ್ತೀನಿ!" ಎಂದು ಖಾಲಿ ಕೋಣೆಗೆ ಸವಾಲು ಹಾಕಿ ಅವನು ಬೀದಿಗೆ ಹಾರಿದ.

ಬೀದಿಯಲ್ಲಿ ಆಗಲೇ ಕರಗಿದ ಮಂಜುಗಡ್ಡೆಯ ನೀರು ಹರಿಯತೊಡಗಿತ್ತು. ತಣ್ಣನೆಯ ನೀರು ಅಂಗಾಲಿಗೆ ಸೋಕಿದವರೆಲ್ಲ ಕಾರಣ ವಿಚಾರಿಸಲು ಬಂದರು. ಕಾರ್ಖಾನೆಯ ಮುಂದಿದ್ದ ಮರದ ಸ್ಟೂಲನ್ನು ಹತ್ತಿ ಇಂಜಿನ್ ಮಾವ ಕೈಯೆತ್ತಿದ.

"ಕೇಳಿ ಎಲ್ಲರೂ! ಯಾರೋ ನನ್ನ ಬುಡ್ಡಿಯ ತಿರುಪು ಬಿಚ್ಚಿ ಗಾಳಿ ಬಿಟ್ಟಿದ್ದಾರೆ. ಅವನು ಯಾರೇ ಆಗಿರಲಿ, ಸಿಕ್ಕಿದ ದಿನ ಅವನ ಕಿವಿಗೆ ಗಾಳಿಯಂತ್ರದ ಕೊಳವೆ ಕಟ್ಟಿ, ತಲೆಯನ್ನು ಚೆಂಡಿನ ಹಾಗೆ ಊದಿಸ್ತೀನಿ! ಈ ಬೀದೀಲಿ ಒಬ್ಬರೂ ಅವನನ್ನ ಹಿಡಿಯೋವರೆಗೆ ಕಣ್ಣು ಮುಚ್ಚಬಾರದು!"

"ಮುಚ್ಚಲ್ಲ!" ಎಂದಿತು ಬೀದಿ. ಬೆಳಗಿನ ಹೊತ್ತು ಹಾಗೆ ಹೇಳುವುದಕ್ಕೆ ಯಾವ ಕಷ್ಟವೂ ಇರಲಿಲ್ಲ.

ಗುಂಪಿನ ಹಿಂದೆ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಅತ್ತೆ ನಿಂತಿದ್ದರು. ಮಗಳು ಆಸ್ಪತ್ರೆಯಲ್ಲಿ ದಾದಿ, ಹಗಲು ಪಾಳಿ. ಹಾಗಾಗಿ ಮನೆ, ಬಟ್ಟೆ, ಅಳಿಯ ಮೂರನ್ನೂ ಒಗೆಯುವ ಕೆಲಸ ಅತ್ತೆಯದೇ. ಇಂಜಿನ್ನಿನ ಮೈ ತಣಿಸಿ ಹೊರಬರುವ ಬಿಸಿನೀರಿನ ಕೊಳಾಯಿಯ ಕೆಳಗೆ, ಯಜಮಾನರ ಕಚೇರಿಯ ಕಿಟಕಿಗೆ ನೇರವಾಗಿ, ಅವರ ಒಗೆಯುವ ಕಲ್ಲು. ಇಂಜಿನ್ನನ್ನು ಅವರು "ನನ್ನ ಮಗಳ ಸವತಿ" ಎಂದೇ ಕರೆಯುತ್ತಿದ್ದರು.

"ಅಳಿಯಂದ್ರೇ, ಗಾಳಿ ಹೋದ್ರೆ ಹೋಯ್ತು. ಇವತ್ತೊಂದಿನ ರಜ ಅಂದ್ಕೊಂಡು ಬಂದು ಮಲಗಿ. ಎಷ್ಟು ವರ್ಷ ಆಯ್ತು ನೀವು ಮಧ್ಯಾಹ್ನ ಮಲಗಿ?"

"ಮಲಗೋದಾ? ನನ್ನ ಇಂಜಿನ್ ಮಲಗಿರುವಾಗ?"

"ಅದೂ ದಣಿದಿರುತ್ತೆ ಪಾಪ."

"ಅತ್ತೇ!" ಎಂದು ಅವನು ಹಾಕಿದ ಗದರಿಕೆಗೆ ಅತ್ತೆ ಸುಮ್ಮನೆ ತುಟಿಯ ಕೊನೆಯನ್ನು ಒಳಗೆಳೆದುಕೊಂಡರು.

ಮೊದಲು ಬಂದವನು ಪಂಚರ್ ಅಂಗಡಿಯವನು. ಕೈಯಲ್ಲಿ ಸೈಕಲ್ ಪಂಪು, ಹಿಂದೆ ಪಂಪು ಹಿಡಿದ ಅರ್ಧ ಬೀದಿ. "ಎಲ್ಲರೂ ಸೇರಿ ಹೊಡೆದ್ರೆ ತುಂಬದೆ ಎಲ್ಲಿಗೆ ಹೋಗುತ್ತೆ? ಗಾಳಿ ಗಾಳಿನೇ ಅಲ್ವಾ?"

"ಅಲ್ಲ," ಎಂದ ಇಂಜಿನ್ ಮಾವ. ಆದರೂ ಹೊಡೆಸಿದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯಲ್ಲವೆ. ಹತ್ತಾರು ಪಂಪುಗಳು ಸುಯ್ ಸುಯ್ ಎನ್ನುತ್ತ ಎದ್ದೆದ್ದು ಕೂತವು. ಬೀದಿಯಲ್ಲಿದ್ದ ಗಾಳಿಯೆಲ್ಲ ಖಾಲಿಯಾಗಿ, ಒಣಗಲು ಹಾಕಿದ ಬಟ್ಟೆಗಳು ಅಲ್ಲಾಡುವುದನ್ನು ನಿಲ್ಲಿಸಿದವು. ಕ್ಷೌರದಂಗಡಿಯವನು ಹೊಡೆದ ಹೊಡೆತಕ್ಕೆ ಅವನ ಅಂಗಿಯ ಗುಂಡಿಗಳು ಒಂದೊಂದಾಗಿ ಹಾರಿದವು. ಕೊನೆಗೆ ಎಲ್ಲರೂ ನೆಲದ ಮೇಲೆ ಬಿದ್ದುಕೊಂಡು ಮುಳ್ಳನ್ನು ನೋಡಿದರು. ಮುಳ್ಳು ಸೊನ್ನೆಯಿಂದ ಒಂದು ಕೂದಲೆಳೆಯಷ್ಟು ಎದ್ದು, ಇವರ ಮುಖ ನೋಡಿ, ಮತ್ತೆ ಮಲಗಿತು.

"ಪಂಪು ಹಳೇದು," ಎಂದ ಪಂಚರ್ ಅಂಗಡಿಯವನು.

ಆಮೇಲೆ ಬೆಸುಗೆಯವನು ಬಂದ. ತಳ್ಳುಗಾಡಿಯಲ್ಲಿ ಉದ್ದನೆಯ ಸಿಲಿಂಡರು. "ತಗೊಳ್ಳಿ ಮಾವ, ಆಮ್ಲಜನಕ. ನಿಮ್ಮ ಬುಡ್ಡಿಗಿಂತ ಜೋರು ಇದೆ. ಆಸ್ಪತ್ರೇಲಿ ಸಾಯೋರನ್ನೇ ಎಬ್ಬಿಸುತ್ತೆ, ಇಂಜಿನ್ ಯಾವ ಲೆಕ್ಕ?"

ಇಂಜಿನ್ ಮಾವ ತಳ್ಳುಗಾಡಿಯ ಮುಂದೆ ಎರಡೂ ಕೈ ಚಾಚಿ ನಿಂತ. "ಒಂದು ಹೆಜ್ಜೆ ಒಳಗಿಡಬೇಡ! ಎಣ್ಣೆ ಮೆತ್ತಿದ ಕೊಳವೆಗೆ ಆಮ್ಲಜನಕ ಬಿಟ್ರೆ ಇಂಜಿನ್ ಶುರುವಾಗಲ್ಲ, ಮೇಲಕ್ಕೆ ಹೋಗುತ್ತೆ. ಅದರ ಹಿಂದೆ ಮಾಡು, ಮಾಡಿನ ಹಿಂದೆ ನಾವು!"

ಬೆಸುಗೆಯವನು ಸಿಲಿಂಡರನ್ನು ಮಗುವಿನ ಹಾಗೆ ತಬ್ಬಿಕೊಂಡು ಬಂದ ದಾರಿಗೆ ಹೊರಟ. ಎರಡು ಬೀದಿ ದಾಟುವವರೆಗೆ ಉಸಿರಾಡಲಿಲ್ಲವಂತೆ.

ಇಂಜಿನ್ ಮಾವ ಸ್ಟೂಲಿನ ಮೇಲೆ ಕುಸಿದು ಕೂತ. ಕಾರ್ಖಾನೆಯ ಒಳಗಿನಿಂದ ಮಂಜುಗಡ್ಡೆ ತೊಟ್ಟಿಕ್ಕುವ ಸದ್ದು ಮಾತ್ರ ಕೇಳುತ್ತಿತ್ತು. ಅಷ್ಟರಲ್ಲಿ ದೂರದಿಂದ ಇನ್ನೊಂದು ಸದ್ದು ಬಂತು. ಟಪ್! ಸೋಡಾ ಬಾಟಲಿಯ ಮುಚ್ಚಳ ತೆಗೆದ ಸದ್ದು.

ಅವನ ಕಿವಿ ನಾಯಿಯ ಕಿವಿಯ ಹಾಗೆ ನೆಟ್ಟಗಾಯಿತು. "ಸೋಡಾ ಗ್ಯಾಸು! ಅದು ಉರಿಯಲ್ಲ, ಸಿಡಿಯಲ್ಲ, ಆದ್ರೆ ಜೋರು ಬೇಕಾದಷ್ಟಿದೆ. ಬುಡ್ಡಿಗೆ ಅದನ್ನ ತುಂಬಿದ್ರೆ ಗಾಲಿ ತಿರುಗುತ್ತೆ, ಎಣ್ಣೇನೂ ಒಳಗೆ ನೂಕುತ್ತೆ. ಒಂದು ಸಲ ಹತ್ತಿಕೊಂಡರೆ ಆಮೇಲೆ ನಮ್ಮ ಗಾಳೀನೇ ಸಾಕು!"

"ಸೋಡಾದವನು ಊರಲ್ಲಿಲ್ಲ ಅಳಿಯಂದ್ರೇ," ಎಂದರು ಅತ್ತೆ ತಟ್ಟನೆ.

ಟಪ್!

"ಮತ್ತೆ ಅದೇನು?"

"ಅದು... ಅವನ ಅಂಗಡೀಲಿ ಇಲಿ ಇರಬಹುದು."

ಸೋಡಾ ಕುಡಿಯುವ ಇಲಿಯ ಬಗ್ಗೆ ಯೋಚಿಸುವಷ್ಟು ವ್ಯವಧಾನ ಇಂಜಿನ್ ಮಾವನಿಗಿರಲಿಲ್ಲ. ಕೊಳವೆ ಜೋಡಿಸುವ ದೊಡ್ಡ ಸ್ಪ್ಯಾನರಿಗಾಗಿ ಕೋಣೆಗೆ ಓಡಿ ಗೋಡೆಯ ಮೊಳೆಗೆ ಕೈ ಹಾಕಿದ. ಮೊಳೆ ಇತ್ತು, ಸ್ಪ್ಯಾನರಿರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಅತ್ತೆಯ ಸೋಪಿನ ನೀರಿನ ತೊಟ್ಟಿಯಲ್ಲಿ, ಅವನದೇ ಬನಿಯನ್ನುಗಳ ಕೆಳಗೆ, ಫಳಫಳ ಹೊಳೆಯುತ್ತ.

"ಕೊಳೆಯಾಗಿತ್ತು, ತೊಳೆಯೋಕೆ ಹಾಕಿದ್ದೆ," ಎಂದರು ಅತ್ತೆ.

ಸ್ಪ್ಯಾನರು ಸಿಕ್ಕಿದರೂ ಸೋಡಾದವನು ಸಿಗುವುದು ಸುಲಭವಿರಲಿಲ್ಲ. ಅವನಿಗೂ ಇಂಜಿನ್ ಮಾವನಿಗೂ ಮಾತು ನಿಂತು ಒಂದು ಬೇಸಿಗೆ ಕಳೆದಿತ್ತು. ಕ್ಷೌರದಂಗಡಿಯಲ್ಲಿ ಎಲ್ಲರೂ ಕೂತಿರುವಾಗ ಇಂಜಿನ್ ಮಾವ, "ನಾನು ಮಾಡೋದು ಗಾಳಿ. ನೀನು ಮಾಡೋದು ಬರೀ ತೇಗು!" ಎಂದುಬಿಟ್ಟಿದ್ದ. ಅರ್ಧ ಕ್ಷೌರವಾಗಿದ್ದ ಸೋಡಾದವನು ಹಾಗೇ ಎದ್ದು ಹೋಗಿದ್ದ. ಉಳಿದರ್ಧ ಗಡ್ಡವನ್ನು ಅವನು ಸೇಡಿಗೆಂದೇ ತಿಂಗಳುಗಟ್ಟಲೆ ಬೆಳೆಸಿದ್ದನೆಂದು ಹೇಳುತ್ತಾರೆ.

ಈಗ ಅವನು ಅಂಗಡಿಯ ಮುಂದೆ ಕೈಕಟ್ಟಿ ನಿಂತಿದ್ದ. ಹಿಂದೆ ಸಿಲಿಂಡರುಗಳು ಪೈಲ್ವಾನರ ಹಾಗೆ ಸಾಲಾಗಿ ನಿಂತಿದ್ದವು.

"ಏನು ಬೇಕಿತ್ತು ಸಾಹೇಬರಿಗೆ? ತೇಗಾ?"

"ಒಂದು ಸಿಲಿಂಡರ್ ಕೊಡಯ್ಯ. ಇಂಜಿನ್ ಪ್ರಾಣದ ಪ್ರಶ್ನೆ."

"ಕೊಡ್ತೀನಿ. ಆವತ್ತು ಎಷ್ಟು ಜೋರಾಗಿ ಅಂದ್ಯೋ ಅಷ್ಟೇ ಜೋರಾಗಿ, ನಡುಬೀದೀಲಿ ನಿಂತು, ನನ್ನ ಗ್ಯಾಸು ನಿನ್ನ ಗಾಳಿಗಿಂತ ದೊಡ್ಡದು ಅಂತ ಹೇಳು."

ಇಂಜಿನ್ ಮಾವನ ಕುತ್ತಿಗೆಯ ನರಗಳು ಹಗ್ಗದ ಹಾಗೆ ಉಬ್ಬಿದವು. ಅವನು ಯಾರಿಗೂ ತಲೆ ಬಾಗಿದವನಲ್ಲ. ಮನೆಯ ಬಾಗಿಲು ಗಿಡ್ಡವಿದ್ದುದರಿಂದ ದಿನಾ ಹಣೆ ತಾಗಿಸಿಕೊಳ್ಳುತ್ತಿದ್ದನೇ ವಿನಾ ಬಾಗುತ್ತಿರಲಿಲ್ಲ. ಆದರೆ ಕಾಲ ಕೆಳಗೆ ಮಂಜಿನ ನೀರು ಪಾದ ಮುಳುಗುವಷ್ಟಾಗಿತ್ತು.

ಅವನು ನಡುಬೀದಿಗೆ ಹೋದ. ಕಣ್ಣು ಮುಚ್ಚಿದ. "ಸೋಡಾದವನ ತೇಗು ನನ್ನ ಗಾಳಿಗಿಂತ ದೊಡ್ಡದೂ!" ಎಂದು ಅರಚಿದ. ಕಣ್ಣು ಬಿಟ್ಟಾಗ ಸೋಡಾದವನು ಅವನನ್ನು ತಬ್ಬಿಕೊಂಡು ಗೊಳೋ ಎಂದು ಅಳುತ್ತಿದ್ದ.

"ಒಂದ್ಯಾಕೆ, ಎಷ್ಟು ಬೇಕಾದ್ರೂ ತಗೋ ಅಣ್ಣಾ! ಇವತ್ತಿನಿಂದ ನಿನ್ನ ಬುಡ್ಡಿ ನನ್ನ ಬುಡ್ಡಿ!"

ಸಿಲಿಂಡರು ಬಂತು, ಕೊಳವೆ ಜೋಡಿಸಿದರು, ತಿರುಪು ತಿರುಗಿಸಿದರು. ಮುಳ್ಳು ಏಳತೊಡಗಿತು. ಬೀದಿ ಚಪ್ಪಾಳೆ ಹೊಡೆಯಿತು. ಅರ್ಧದಾರಿಗೆ ಬಂದ ಮುಳ್ಳು ನಿಂತಿತು. ಗ್ಯಾಸು ಹೊರಬಂದಂತೆಲ್ಲ ಸಿಲಿಂಡರು ಚಳಿಹತ್ತಿ, ಮೈಮೇಲೆಲ್ಲ ಬಿಳಿ ಹಿಮ ಹೊದ್ದುಕೊಂಡು, ಗಡಗಡ ನಡುಗುತ್ತಿತ್ತು.

"ಬೆಚ್ಚಗೆ ಮಾಡಬೇಕು! ಬಿಸಿನೀರು, ಅತ್ತೇ!"

"ಬಿಸಿನೀರು ಬರೋದು ಇಂಜಿನ್ನಿಂದ. ಇಂಜಿನ್ ಓಡಿದ್ರೆ ತಾನೆ?" ಎಂದರು ಅತ್ತೆ, ಸ್ವಲ್ಪ ಹೆಚ್ಚೇ ಸಂತೋಷದಿಂದ.

ಆಗ ಕ್ಷೌರದಂಗಡಿಯವನು ಗುಂಡಿಯಿಲ್ಲದ ಅಂಗಿ ಹಾರಿಸುತ್ತ ಓಡಿಬಂದ. ಎರಡೂ ತೋಳಿನ ತುಂಬ ಹಬೆಯಾಡುವ ಟವೆಲುಗಳು. ಗಿರಾಕಿಗಳ ಗಲ್ಲಕ್ಕೆ ಸುತ್ತುವ ನಾಜೂಕಿನಲ್ಲೇ ಸಿಲಿಂಡರಿಗೆ ಒಂದರ ಮೇಲೊಂದು ಟವೆಲು ಸುತ್ತಿ, ಅಭ್ಯಾಸಬಲದಿಂದ "ಮೀಸೆ ಟ್ರಿಮ್ ಮಾಡ್ಲಾ?" ಎಂದೂ ಕೇಳಿಬಿಟ್ಟ. ಮುಳ್ಳು ಕಳ್ಳನ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಮೇಲೇರಿ ಕೆಂಪು ಗೆರೆಯನ್ನು ಮುಟ್ಟಿತು.

ಸರಿಯಾಗಿ ಆಗಲೇ ಯಜಮಾನರ ಕಾರು ಬಂದು ನಿಂತಿತು. ಅವರ ಹಿಂದೆ ಬೂದು ಕೋಟು ತೊಟ್ಟ ಒಬ್ಬರು, ಮಂಜಿನ ನೀರಿನಲ್ಲಿ ಕೊಕ್ಕರೆಯ ಹಾಗೆ ಕಾಲೆತ್ತಿಟ್ಟುಕೊಂಡು ಬಂದರು.

"ಏನಪ್ಪಾ, ಶುರುವಾಗುತ್ತಾ?" ಎಂದರು ಯಜಮಾನರು.

"ಆಗುತ್ತಾ ಅಂತ ಕೇಳಬೇಡಿ. ಕಿವಿ ಮುಚ್ಚಿಕೊಳ್ಳಿ," ಎಂದ ಇಂಜಿನ್ ಮಾವ. ಸನ್ನೆಕೋಲನ್ನು ಎಳೆದ.

ಫುಸ್ ಎಂದಿತು. ಗಾಲಿ ಒಂದು ಸುತ್ತು ಸೋಮಾರಿಯಾಗಿ ತಿರುಗಿತು. ಇನ್ನೊಂದು ಸುತ್ತು. ಇಂಜಿನ್ನು ಕೆಮ್ಮಿತು, ಕಪ್ಪು ಹೊಗೆ ಉಗುಳಿ ಬೂದು ಕೋಟನ್ನು ಕಪ್ಪು ಕೋಟು ಮಾಡಿತು. ಆಮೇಲೆ ಢಂ! ಢಂ! ಢಂ! ನೆಲ ಕುಣಿಯಿತು, ಮಾಡು ಕುಣಿಯಿತು, ಯಜಮಾನರ ಕನ್ನಡಕ ಮೂಗಿನ ತುದಿಯಿಂದ ಕಣ್ಣಿನವರೆಗೆ ತಾನೇ ನಡೆದುಹೋಯಿತು. ಬೀದಿಯವರೆಲ್ಲ ಇಂಜಿನ್ ಮಾವನನ್ನು ಹೆಗಲ ಮೇಲೆ ಹೊತ್ತರು. ಹೊತ್ತ ಎತ್ತರದಿಂದಲೇ ಅವನು ಯಜಮಾನರಿಗೆ ಹೇಳಿದ: "ಈಗ ಹೇಳಿ! ಗುಜರಿಗೆ ಹಾಕ್ತೀರಾ?"

"ಗುಜರಿನಾ? ಛೆ ಛೆ!" ಎಂದರು ಯಜಮಾನರು. ಅವರ ಮುಖ ಮದುಮಗನ ಮುಖದ ಹಾಗೆ ಅರಳಿತ್ತು. "ಇವರು ಹಳೇ ಯಂತ್ರಗಳ ಸಂಗ್ರಹಾಲಯದವರು. ಓಡೋ ಸ್ಥಿತೀಲಿದ್ರೆ ಮಾತ್ರ ಕೊಳ್ತೀವಿ ಅಂದಿದ್ರು. ಓಡದಿದ್ರೆ ಯಾರಿಗೂ ಬೇಡದ ಈ ಭೂತಾನ ನಾನೇ ಇಟ್ಕೊಂಡು ಸಾಯಬೇಕಿತ್ತು. ನೀನು ಉಳಿಸಿದೆ ಕಣಯ್ಯ!"

ಹೆಗಲುಗಳು ಒಂದೊಂದಾಗಿ ಕೆಳಗಿಳಿದವು. ಜೊತೆಗೆ ಇಂಜಿನ್ ಮಾವನೂ.

"ಅದ್ಭುತ!" ಎಂದರು ಕೋಟಿನವರು ಮಸಿ ಒರೆಸಿಕೊಳ್ಳುತ್ತ. "ನಾಳೆ ಬೆಳಿಗ್ಗೆ ನಮ್ಮ ನಿರ್ದೇಶಕರು ಬರ್ತಾರೆ. ತಣ್ಣಗಿರೋ ಇಂಜಿನ್ ಶುರುವಾಗೋದನ್ನ ಅವರೂ ಒಮ್ಮೆ ನೋಡಬೇಕು. ಶುರುವಾದ ತಕ್ಷಣ ಈ ಗೋಡೆ ಒಡೆದು ಸಾಗಿಸ್ತೀವಿ."

"ಅದು ನನ್ನ ಮನೆ ಗೋಡೆ."

"ಹೌದಾ? ಚಿಂತೆ ಬೇಡ, ಇಂಜಿನ್ನನ್ನ ಜೋಪಾನವಾಗಿ ಗಾಜಿನ ಕೋಣೇಲಿ ಇಡ್ತೀವಿ. ಒಂದು ಸಣ್ಣ ವಿದ್ಯುತ್ ಮೋಟರು ಕಟ್ಟಿ ಸುಮ್ಮನೆ ತಿರುಗಿಸ್ತೀವಿ. ಎಣ್ಣೆ ಬೇಡ, ಗಾಳಿ ಬೇಡ, ಗಲಾಟೆ ಇಲ್ಲ."

ಗಲಾಟೆಯಿಲ್ಲದ ಇಂಜಿನ್ನು! ಇಂಜಿನ್ ಮಾವನಿಗೆ ಯಾರೋ ಅವನ ನಾಲಗೆಯನ್ನೇ ಕತ್ತರಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟಂತಾಯಿತು.

ಎಲ್ಲರೂ ಹೋದ ಮೇಲೆ, ಸಂಜೆ, ಕೈ ತಾನಾಗಿಯೇ ತನ್ನ ಕೆಲಸ ಮಾಡಿತು. ಬುಡ್ಡಿಯನ್ನು ಕಂಠಮಟ್ಟ ತುಂಬಿತು, ತಿರುಪು ಬಿಗಿಯಿತು, ಇಂಜಿನ್ನು ನಿಲ್ಲಿಸಿತು. ಕೊಳಾಯಿಯಲ್ಲಿ ಉಳಿದಿದ್ದ ಬಿಸಿನೀರಿನಲ್ಲಿ ಅತ್ತೆ ಕೊನೆಯ ಬನಿಯನ್ನನ್ನು ಹಿಂಡುತ್ತಿದ್ದರು.

"ತೃಪ್ತಿ ಆಯ್ತಾ?" ಎಂದರು.

"ಅತ್ತೇ, ಗಾಳಿ ಬಿಟ್ಟವನು ನನ್ನ ಶತ್ರು ಅಂದ್ಕೊಂಡಿದ್ದೆ. ಪುಣ್ಯಾತ್ಮ, ಯಾರೋ ನನ್ನ ಉಳಿಸೋಕೆ ಹೊರಟಿದ್ದ."

"ಪುಣ್ಯಾತ್ಮ ಅಲ್ಲ, ಪುಣ್ಯಾತ್ಗಿತ್ತಿ." ಅತ್ತೆ ಬನಿಯನ್ನನ್ನು ಕೊಡವಿದರು. "ನಿನ್ನೆ ಕಲ್ಲಿನ ಹತ್ರ ಕೂತಿದ್ದಾಗ ಕಿಟಕೀಲಿ ಎಲ್ಲ ಕೇಳಿಸ್ತು. ಫೋನಲ್ಲಿ ವ್ಯಾಪಾರ ನಡೀತಿತ್ತು. ನೀವು ಮಲಗಿದ ಮೇಲೆ ನಿಮ್ಮ ಜೇಬಿನಿಂದ ಬೀಗದ ಕೈ ತಗೊಂಡು ಬಂದು ತಿರುಪು ಬಿಚ್ಚಿದೆ."

ಇಂಜಿನ್ ಮಾವ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಅತ್ತೆಯ ಎದುರು ಕುಕ್ಕರಿಸಿದ. "ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ? ‘ನನ್ನ ಇಂಜಿನ್ ಶುರುವಾಗಲ್ಲ ಸ್ವಾಮಿ’ ಅಂತ ನಿಮ್ಮ ಬಾಯಲ್ಲಿ ಬರ್ತಿತ್ತಾ?"

ಅವನು ಯೋಚಿಸಿದ. ಬರುತ್ತಿರಲಿಲ್ಲ.

"ನಿಮಗೆ ಇಂಜಿನ್ ಕಂಡ್ರೆ ಆಗಲ್ವಲ್ಲ ಅತ್ತೇ?"

"ಆಗಲ್ಲ. ಆದ್ರೆ ಇವತ್ತು ನೀವು ಪಂಪು ಹೊಡೆಸುವಾಗ ಅದು ಸುಮ್ಮನಿತ್ತಲ್ಲ, ಅರ್ಧ ಗಳಿಗೆ ಮಲಗೋಣ ಅಂತ ಹೋದೆ. ಕಣ್ಣಿಗೆ ಕಣ್ಣು ಹತ್ತಲಿಲ್ಲ." ಅವರು ಬಟ್ಟೆಯ ಬುಟ್ಟಿಯತ್ತ ಮುಖ ತಿರುಗಿಸಿದರು. "ಸವತಿ ಆದ್ರೇನು, ಮನೆಯವಳೇ ಅಲ್ವಾ."

ಇಂಜಿನ್ ಮಾವನ ಎದೆ ಬುಡ್ಡಿಯ ಹಾಗೆ ಉಬ್ಬಿತು. ಅವನು ನೆಟ್ಟಗೆ ನಿಂತ. "ಹಾಗಿದ್ರೆ ನಿರ್ದೇಶಕರು ಬರಲಿ, ಅವರಜ್ಜ ಬರಲಿ! ಈ ಗೋಡೆಯ ಒಂದು ಇಟ್ಟಿಗೆ ಕೀಳೋಕೆ ಬಿಡಲ್ಲ! ತಗೊಳ್ಳಿ ಕೋಣೆ ಬೀಗದ ಕೈ. ನಾನು ನೋಡಲಿಲ್ಲ, ನನಗೆ ಗೊತ್ತಿಲ್ಲ. ನೀವು ನಿನ್ನೆ ಮಾಡಿದ್ದನ್ನೇ ಇವತ್ತೂ..."

ಮಾತು ಮುಗಿಯುವ ಮುಂಚೆ ಬಾಗಿಲಲ್ಲಿ ಗದ್ದಲವಾಯಿತು. ಸೋಡಾದವನು ಮಂಚ ಹೊತ್ತು ಬರುತ್ತಿದ್ದ. ಅವನ ಹಿಂದೆ ಎರಡು ಕುರ್ಚಿ ಹಿಡಿದ ಕ್ಷೌರದಂಗಡಿಯವನು. ಅವನ ಹಿಂದೆ ಉದ್ದನೆಯ ಸರಪಳಿ, ತೆಂಗಿನಕಾಯಿ ಗಾತ್ರದ ಬೀಗ ಹಿಡಿದ ಪಂಚರ್ ಅಂಗಡಿಯವನು. ಅವನ ಹಿಂದೆ ಬೀದಿಗೆ ಬೀದಿಯೇ.

"ಅಣ್ಣಾ, ನೀನು ಹೋಗಿ ಆರಾಮಾಗಿ ಮಲಗು!" ಎಂದು ಸೋಡಾದವನು ಮಂಚವನ್ನು ಬುಡ್ಡಿಗೆ ಅಡ್ಡಲಾಗಿ ಹಾಕಿದ. "ನಿನ್ನ ಮುಂದೆ ಬೆಳಿಗ್ಗೆ ಮಾತು ಕೊಟ್ಟಿದ್ದೀವಲ್ಲ! ಆ ಕಳ್ಳ ಸಿಗೋವರೆಗೆ ಇಲ್ಲಿ ಯಾರೂ ಕಣ್ಣು ಮುಚ್ಚಲ್ಲ. ಇವತ್ತು ಬರಲಿ ನೋಡೋಣ ಅವನು!"

"ಒಂದು ಗುಟುಕು ಗಾಳಿ ಹೊರಗೆ ಹೋಗೋಕೆ ಬಿಡಲ್ಲ," ಎಂದು ಪಂಚರ್ ಅಂಗಡಿಯವನು ಸರಪಳಿಯನ್ನು ತಿರುಪಿಗೆ ಸುತ್ತಿ, ಬೀಗ ಜಡಿದು, ಅದರ ಬೀಗದ ಕೈಯನ್ನು ತನ್ನ ಕುತ್ತಿಗೆಗೆ ಕಟ್ಟಿಕೊಂಡ.

"ಅಕಸ್ಮಾತ್ ಹೋದ್ರೂ ಹೆದರಬೇಡ," ಎಂದು ಸೋಡಾದವನು ಹೊರಗೆ ಕೈ ತೋರಿಸಿದ. ತಳ್ಳುಗಾಡಿಯ ಮೇಲೆ ಅವನ ಅಂಗಡಿಯ ಸಿಲಿಂಡರುಗಳೆಲ್ಲ ಬೆಚ್ಚಗೆ ಟವೆಲು ಹೊದ್ದು ನಿಂತಿದ್ದವು. "ಕೋಟಿನವರಿಗೂ ಹೇಳಿ ಕಳಿಸಿದ್ದೀನಿ. ನಮ್ಮಣ್ಣನ ಇಂಜಿನ್ ನಾಳೆ ಶುರುವಾಗದೆ ಇರೋಕೆ ಸಾಧ್ಯವೇ ಇಲ್ಲ ಅಂತ!"

ಬೀದಿ ಜೈಕಾರ ಹಾಕಿತು. ಯಾರೋ ಸ್ಟೂಲು ತಂದು ಮುಂದಿಟ್ಟು, "ಎರಡು ಮಾತಾಡಿ ಮಾವ!" ಎಂದರು.

ಇಂಜಿನ್ ಮಾವ ಸ್ಟೂಲು ಹತ್ತಿದ. ಬೀಗ ನೋಡಿದ, ಸಿಲಿಂಡರುಗಳನ್ನು ನೋಡಿದ, ತನಗಾಗಿ ನಿದ್ದೆಗೆಡಲು ಬಂದ ಮುಖಗಳನ್ನು ನೋಡಿದ. ಬಾಯಿ ತಾನಾಗಿಯೇ ತೆರೆದುಕೊಂಡಿತು: "ಒಂದೇ ಏಟಿಗೆ! ನಾಳೆ ಒಂದೇ ಏಟಿಗೆ ಶುರುವಾಗದಿದ್ರೆ ನನ್ನ ಹೆಸರು..."

ಅತ್ತೆ ಒದ್ದೆ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೇರಿಸಿ, ಕೋಣೆಯ ಬೀಗದ ಕೈಯನ್ನು ಅವನ ಜೇಬಿಗೆ ವಾಪಸು ಹಾಕಿದರು.

"ಇಷ್ಟು ದೊಡ್ಡ ಇಂಜಿನ್ನಿಗೆ ಎಷ್ಟೊಂದು ತಿರುಪು ಇಟ್ಟಿದ್ದಾರಲ್ಲ ಅಳಿಯಂದ್ರೇ," ಎಂದರು, "ನಿಮ್ಮ ಬಾಯಿಗೂ ಒಂದು ಇಡಿಸ್ಕೊಳ್ಳಬಾರದಿತ್ತಾ?"